ನಮ್ಮನೆಯವರ ಎಡಿಟರಿನೊಳಗೆ ನಾನು ಸಿಕ್ಕಿಕೊಂಡದ್ದು

ಮೊನ್ನೆ ಪಕ್ಕದ ಮನೆಯ ಸೊಸೆ ಸವಿತಾ ತನ್ನ ಕೀಬೋರ್ಡು ಕೆಟ್ಟಿತೆಂದು ನಮ್ಮದನ್ನು ಒಂದು ಗಳಿಗೆಗೆಂದು ಕೇಳಿಕೊಂಡು ಹೋದಳು. ನಾನು ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟರಲ್ಲಿ ವಾಪಸು ಬಂದಳು.

"ಇದೇನ್ ಆಂಟಿ, ಇದ್ರಲ್ಲಿ ಅಕ್ಷರಾನೇ ಇಲ್ವಲ್ಲ! ಯಾವ ಕೀ ಯಾವ್ದು ಅಂತ ಹೆಂಗ್ ಗೊತ್ತಾಗ್ಬೇಕು?"

ನೋಡಿದರೆ ನಿಜ. ಎಚ್, ಜೆ, ಕೆ, ಎಲ್ ಇರಬೇಕಾದ ಕಡೆ ನಾಲ್ಕು ಕರಿ ಚೌಕಗಳು ಬೋಳಾಗಿ ಹೊಳೆಯುತ್ತಿವೆ. ಎಡಮೂಲೆಯ ಎಸ್ಕೇಪ್ ಕೀ ನಮ್ಮ ಹಳೇ ಮನೆಯ ಹೊಸ್ತಿಲಿನ ಹಾಗೆ ನಡುವೆ ಸವೆದು ಹಳ್ಳ ಬಿದ್ದಿದೆ. ವಾರಕ್ಕೊಮ್ಮೆ ಅದನ್ನು ಒರೆಸುವವಳು ನಾನೇ. ಆದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ನೋಡಿ.

"ಅದು ನಮ್ಮನೆಯವ್ರದು ಕಣೇ. ಅವ್ರಿಗೆ ಅಕ್ಷರ ಕಾಣ್ಬೇಕಾಗಿಲ್ಲ," ಎಂದೆ. ಅವಳು ಪಾಪ, ಇನ್ನೊಂದು ಮನೆ ಹುಡುಕಿಕೊಂಡು ಹೋದಳು. ನಾನು ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಹಾಲಿನ ವಿಷಯ ಮರೆತೇಬಿಟ್ಟೆ.

ನಮ್ಮನೆಯವರು ಅಜ್ಜಂಪುರದ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವರು. ನಾನು ತರೀಕೆರೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದವಳು. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ನಡುವೆ ಗಂಟಲು ಹರಿಯುವಷ್ಟು ವ್ಯಾಕರಣ. ಈಗ ಇಬ್ಬರೂ ನಿವೃತ್ತರು. ಒಂದೇ ಮನೆಯಲ್ಲಿ ಇಬ್ಬರು ಮೇಷ್ಟ್ರುಗಳಿದ್ದರೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಒಬ್ಬರು ಬಾಯಿ ತೆಗೆದರೆ ಇನ್ನೊಬ್ಬರ ತಿದ್ದುಪಡಿ ತಯಾರು.

ಅವರ ಶಾಲೆಗೆ ಕಂಪ್ಯೂಟರ್ ಬಂದಾಗ ಮಿಕ್ಕ ಮೇಷ್ಟ್ರುಗಳೆಲ್ಲ ಮೌಸ್ ಹಿಡಿದು, ಬಾಣದ ಗುರುತನ್ನು ಅಟ್ಟಿಸಿಕೊಂಡು ಹೋಗುವುದನ್ನು ಕಲಿತರು. ಇವರು ಮಾತ್ರ ಯಾವುದೋ ತರಬೇತಿಗೆ ಹೋಗಿ 'ವಿಮ್' ಎಂಬುದನ್ನು ತಲೆಗೆ ಹಚ್ಚಿಕೊಂಡು ಬಂದರು. ಬರೆಯುವುದಕ್ಕೆ, ಬರೆದದ್ದನ್ನು ತಿದ್ದುವುದಕ್ಕೆ ಇರುವ ಎಡಿಟರ್ ಎಂಬ ಸಾಧನ ಅದು. ಆದರೆ ತೆರೆದ ಕೂಡಲೇ ಬರೆಯಲು ಬಿಡುವುದಿಲ್ಲ! ಮೊದಲು ಒಂದು ಕೀ ಒತ್ತಿ ಅಪ್ಪಣೆ ಪಡೆಯಬೇಕು. ಬರೆದಾದ ಮೇಲೆ ಎಸ್ಕೇಪ್ ಒತ್ತಿ ಹೊರಗೆ ಬರಬೇಕು. ಹೊರಗೆ ಬಂದ ಮೇಲೆ ಅಕ್ಷರಗಳು ಅಕ್ಷರಗಳಲ್ಲ, ಒಂದೊಂದೂ ಒಂದೊಂದು ಆಜ್ಞೆ. ಎಚ್, ಜೆ, ಕೆ, ಎಲ್ ಒತ್ತಿದರೆ ಬರೆಯುವ ಗುರುತು ಆಚೀಚೆ, ಮೇಲೆ ಕೆಳಗೆ ಓಡುತ್ತದೆ, ಇನ್ನೊಂದು ಕೀ ಒತ್ತಿದರೆ ಸಾಲೇ ಅಳಿಸಿಹೋಗುತ್ತದೆ, ಮತ್ತೊಂದು ಒತ್ತಿದರೆ ಅಳಿಸಿದ್ದು ಮರಳುತ್ತದೆ. ಮೌಸಿಗೆ ಅಲ್ಲಿ ಕೆಲಸವೇ ಇಲ್ಲ. ಪಾತ್ರೆ ತಿಕ್ಕುವ ಸೋಪಿನ ಹೆಸರಿಟ್ಟುಕೊಂಡ ಈ ಪ್ರಾಣಿ ನಮ್ಮ ಮನೆಗೆ ಬಂದ ದಿನ ನಾನು, "ಸದ್ಯ, ಇನ್ಮೇಲಾದ್ರೂ ಪಾತ್ರೆ ನೀವೇ ತೊಳೀತೀರಾ ಅಂತಾಯ್ತು," ಎಂದಿದ್ದೆ. ತೊಳೆಯಲಿಲ್ಲ.

"ಮೌಸ್ ಮುಟ್ಟೋದು ಅಂದ್ರೆ, ಗಾಡಿ ಹೊಡೆಯೋನು ಹಗ್ಗ ಬಿಟ್ಟು ಬೀಡಿ ಹಚ್ಚಿದಂಗೆ ಕಣೇ," ಎನ್ನುತ್ತಿದ್ದರು.

ಈ ಮಾತು ನನ್ನನ್ನು ನನ್ನ ತವರಿಗೆ ಎಳೆದುಕೊಂಡು ಹೋಗುತ್ತಿತ್ತು. ನಾನು ಹುಟ್ಟಿ ಬೆಳೆದದ್ದು ಎಮ್ಮೆದೊಡ್ಡಿ ಕಾವಲಿನ ಅಂಚಿನ ಹಳ್ಳಿಯಲ್ಲಿ. ಆ ಕಾವಲಿನ ಅಮೃತಮಹಲ್ ದನಗಳನ್ನು ನೀವು ನೋಡಿದ್ದರೆ ಗೊತ್ತು. ಕೊಂಬು ಹಿಂದಕ್ಕೆ ಬಾಗಿ ಮೇಲೆದ್ದಿರುತ್ತವೆ, ಕಣ್ಣು ಕೆಂಡ. ನಮ್ಮಜ್ಜನ ಜೋಡೆತ್ತು ಆ ತಳಿಯದೇ. ಅಜ್ಜ ಚಾಟಿ ಎತ್ತಿದ್ದನ್ನು ನಾನು ಕಂಡಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಒಂದು ಸಣ್ಣ ಸದ್ದು ಮಾಡಿದರೆ ಎಡದ ಎತ್ತು ಒತ್ತರಿಸುತ್ತಿತ್ತು, ತುಟಿ ಪುರ್ರೆನಿಸಿದರೆ ಎರಡೂ ನಿಲ್ಲುತ್ತಿದ್ದವು. ಮಾತಿಲ್ಲ, ಕತೆಯಿಲ್ಲ. ಒಂದು ದಿನ ಅಜ್ಜ ನೀರು ಕುಡಿಯಲು ಇಳಿದಾಗ ನಾನು ಗಾಡಿ ಮೇಲೆ ಕೂತು ಅದೇ ಸದ್ದುಗಳನ್ನು ಒಂದರ ಹಿಂದೊಂದು ಮಾಡಿ ನೋಡಿದೆ. ಎತ್ತುಗಳು ಸೀದಾ ಪಕ್ಕದವರ ರಾಗಿ ಹೊಲಕ್ಕೆ ನುಗ್ಗಿದವು. ಅಜ್ಜ ಓಡಿ ಬಂದು, "ಲೇ ಮೂದೇವಿ, ಅವಕ್ಕೆ ನೀನ್ ಹೇಳಿದ್ದೇ ತಿಳೀತದೆ, ನೀನ್ ಅಂದ್ಕೊಂಡಿದ್ದು ತಿಳಿಯಲ್ಲ!" ಎಂದು ಬೈದಿದ್ದ. ವಿಮ್‌ನ ವಿಷಯದಲ್ಲೂ ಇದಕ್ಕಿಂತ ಸರಿಯಾದ ಮಾತನ್ನು ನಾನು ಕೇಳಿಲ್ಲ.

ಇನ್ನು ಪ್ಲಗಿನ್‌ಗಳು. ಅಂದರೆ ಆ ಎಡಿಟರಿಗೆ ಮೇಲಿಂದ ಸಿಕ್ಕಿಸಿಕೊಳ್ಳುವ ಸಣ್ಣ ಸಣ್ಣ ಉಪಕರಣಗಳು. ಹಳೇ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುವ ಚಟ ನಮ್ಮತ್ತೆಗೆ ಇತ್ತು; ಅವರ ಮಗನಿಗೆ ಈ ಚಟ. ಬ್ರಾಕೆಟ್ಟು ತೆರೆದರೆ ತಾನೇ ಮುಚ್ಚುವುದಕ್ಕೊಂದು, ತೆರೆಯ ತಳಕ್ಕೆ ಬಣ್ಣದ ಪಟ್ಟಿ ಬಳಿಯುವುದಕ್ಕೊಂದು, ಆ ಪಟ್ಟಿಯ ಬಣ್ಣ ಬದಲಿಸುವುದಕ್ಕೆ ಮತ್ತೊಂದು. "ಎಲ್ಲಾ ಫ್ರೀ ಕಣೇ!" ಎಂದು ಹಿಗ್ಗುತ್ತಿದ್ದರು. ಫ್ರೀ ನಿಜ. ಆದರೆ ಒಂದು ಹೊಸದು ಸೇರಿಸಿದರೆ ಹಳೆಯವು ಎರಡು ಮುನಿಸಿಕೊಂಡು, ಅವುಗಳನ್ನು ಒಲಿಸಿಕೊಳ್ಳುವುದರಲ್ಲಿ ಇಡೀ ಭಾನುವಾರ ಹೋಗುತ್ತಿತ್ತು.

ಗ್ಭೀಮನ ಕತೆಯನ್ನೂ ಹೇಳಿಬಿಡುತ್ತೇನೆ. ಮಕ್ಕಳು ನಕಲು ಹೊಡೆಯಬಾರದೆಂದು ಇವರು ಪ್ರಶ್ನೆಪತ್ರಿಕೆಯನ್ನು ಎರಡು ಬಗೆ ಮಾಡುತ್ತಿದ್ದರು. ಒಂದರಲ್ಲಿ ರಾಮ ಜಮೀನು ಅಳೆದರೆ ಇನ್ನೊಂದರಲ್ಲಿ ಭೀಮ ಅಳೆಯುತ್ತಿದ್ದ. ವಿಮ್‌ನಲ್ಲಿ ಒಂದೇ ಆಜ್ಞೆಗೆ ಇಡೀ ಕಡತದ ರಾಮರೆಲ್ಲ ಭೀಮರಾಗುತ್ತಾರೆ. ಆದರೆ ಕಂಪ್ಯೂಟರ್ ಕನ್ನಡದ ಒತ್ತಕ್ಷರವನ್ನು ಬಿಡಿಬಿಡಿಯಾಗಿ ಇಟ್ಟುಕೊಳ್ಳುತ್ತದಲ್ಲ, 'ಗ್ರಾಮ'ದೊಳಗೂ ಒಬ್ಬ ರಾಮ ಅಡಗಿ ಕೂತಿದ್ದ! ಪರೀಕ್ಷೆಯ ದಿನ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತು, "ಸಾರ್, ಗ್ಭೀಮ ಪಂಚಾಯಿತಿ ಅಂದ್ರೆ ಯಾವೂರು ಸಾರ್?" ಎಂದಳಂತೆ. ಮನೆಗೆ ಬಂದು ಅವರೇ ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಎಷ್ಟೋ ದಿನ ಅವರನ್ನು ಗ್ಭೀಮಣ್ಣ ಎಂದೇ ಕರೆದೆ.

ನಗುವ ಮನುಷ್ಯ ಅವರು. ಮಾತಿನ ಮಲ್ಲ. ಅದಕ್ಕೇ ಹೋದ ವರ್ಷ ಶ್ರಾವಣದಲ್ಲಿ, ಬೆಳಗಿನ ಲಿಂಗಪೂಜೆ ಮುಗಿಸಿ ಎದ್ದವರು ಹಾಗೇ ಗೋಡೆಗೆ ವಾಲಿ ಕುಸಿದಾಗ, ಅವರ ಬಾಯಿಂದ ಬಂದ ಗೊಗ್ಗರು ಸದ್ದು ಕೇಳಿ ನನ್ನ ಜೀವವೇ ಹೋದಂತಾಯಿತು. ಲಕ್ವ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಪ್ರಾಣ ಉಳಿಯಿತು. ಬಲಗೈ ಬಲಗಾಲು ಸೋತವು. ಮಾತು ಹೋಯಿತು.

ಪೂರ್ತಿ ಹೋಗಲಿಲ್ಲ. ಒಂದೇ ಒಂದು ಪದ ಉಳಿಯಿತು. ಯಾರು ಏನು ಕೇಳಿದರೂ, "ಆಯ್ತು."

ಹಸಿವಾ? ಆಯ್ತು. ನೋವಿದೆಯಾ? ಆಯ್ತು. ಫ್ಯಾನ್ ಹಾಕ್ಲಾ? ಆಯ್ತು. ಆರಿಸ್ಲಾ? ಆಯ್ತು. ಕೋಲೆಬಸವ ತಲೆ ಆಡಿಸಿದ ಹಾಗೆ. ಅದು ಅವರು ಆರಿಸಿಕೊಂಡ ಪದವಲ್ಲ, ನಾಲಿಗೆಗೆ ಬರುವುದು ಅದೊಂದೇ ಎಂದು ಶಿವಮೊಗ್ಗದಲ್ಲಿ ಮಾತು ಕಲಿಸುವ ಮೇಡಂ ಬಿಡಿಸಿ ಹೇಳಿದರು. "ತಲೆಯೊಳಗೆ ಎಷ್ಟು ಅರ್ಥ ಆಗ್ತಿದೆ ಅಂತ ಈಗಲೇ ಹೇಳೋಕಾಗಲ್ಲಮ್ಮ. ನೀವು ಮಾತಾಡಿಸ್ತಾ ಇರಿ," ಎಂದರು. ಮಾತಾಡಿಸಿದೆ. ಗೋಡೆಗೆ ಹೇಳಿದ ಹಾಗೆ ಮಾತಾಡಿಸಿದೆ. ನೋಡಲು ಬಂದವರು ಮೊದಮೊದಲು ಅವರ ಮುಖ ನೋಡಿ ಮಾತಾಡುತ್ತಿದ್ದರು, ಆಮೇಲೆ ನನ್ನ ಮುಖ ನೋಡಿ ಮಾತಾಡತೊಡಗಿದರು, ಕೊನೆಗೆ ಅವರೆದುರೇ ಅವರ ವಿಷಯವನ್ನು ಮನೆಯ ಮೇಜು ಕುರ್ಚಿಯ ವಿಷಯದಂತೆ ಆಡತೊಡಗಿದರು. ಒಳಗೆ ಅವರು ಇದ್ದಾರೋ ಇಲ್ಲವೋ ಎಂಬುದು ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಗಂಡನ ಬಗ್ಗೆ ಹೀಗೊಂದು ಅನುಮಾನ ಇಟ್ಟುಕೊಂಡು ಬದುಕುವ ಹಿಂಸೆ ಶತ್ರುವಿಗೂ ಬೇಡ.

ಹೀಗಿರುವಾಗ ಊರಿನ ಅಕ್ಕನ ಬಳಗದವರು ನನ್ನಿಂದ ಒಂದು ಸಣ್ಣ ಭಾಷಣ ಬರೆಸಿಕೊಳ್ಳಬೇಕೆಂದರು. ಮಧ್ಯಾಹ್ನ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲೇ ಕಂಪ್ಯೂಟರ್ ತೆರೆದು ಕೂತೆ. ಯಾವುದನ್ನೋ ಒತ್ತಿದೆ, ವಿಮ್ ತೆರೆಯಿತು. ಒಳಗೆ ಅವರು ವರ್ಷಗಟ್ಟಲೆ ಕೂಡಿಟ್ಟ ಲೆಕ್ಕದ ಒಗಟುಗಳು. ಇದಲ್ಲ ನನಗೆ ಬೇಕಾದ್ದು ಎಂದು ಮುಚ್ಚಲು ಹೋದೆ. ಮುಚ್ಚುತ್ತಿಲ್ಲ! ಇನ್ನೊಂದು ಕೀ ಒತ್ತಿದೆ, ಒಂದು ಸಾಲು ಮಾಯ. ಗಾಬರಿಯಲ್ಲಿ ಮತ್ತೊಂದು ಒತ್ತಿದೆ, ಒಂದು ಒಗಟೇ ಮಾಯ. ಒಳಗೆ ಹೋಗಿದ್ದೇನೆ, ಹೊರಗೆ ಬರುವ ಬಾಗಿಲು ಗೊತ್ತಿಲ್ಲ, ಒಳಗಿರುವಷ್ಟು ಹೊತ್ತೂ ಅವರ ಜೀವಮಾನದ ಕೆಲಸ ಹಾಳಾಗುತ್ತಿದೆ. "ಅಯ್ಯಯ್ಯೋ, ಶಿವನೇ, ಹೋಯ್ತಲ್ಲಪ್ಪಾ!" ಎಂದು ಜೋರಾಗಿಯೇ ಕೂಗಿಕೊಂಡೆ.

ಆಗ ಪಕ್ಕದಿಂದ ಒಂದು ಕೈ ಬಂತು. ಎಡಗೈ. ನಿಧಾನವಾಗಿ ಬಂದು ಎಸ್ಕೇಪ್ ಒತ್ತಿತು. ಆಮೇಲೆ ಕೀಬೋರ್ಡಿನ ಮೇಲೆ ತಡಕಾಡದೆ, ಹುಡುಕದೆ, ಸೀದಾ ಹೋಗಿ 'ಯು' ಒತ್ತಿತು. ಮಾಯವಾಗಿದ್ದ ಒಗಟು ಬಂತು. ಮತ್ತೊಮ್ಮೆ ಒತ್ತಿತು. ಮಾಯವಾಗಿದ್ದ ಸಾಲು ಬಂತು.

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ತಪ್ಪಾಗಿದೆ ಎಂದು ಗೊತ್ತಾಗಬೇಕು, ಯಾವ ತಪ್ಪೆಂದು ತಿಳಿಯಬೇಕು, ಸರಿಮಾಡುವ ಮನಸ್ಸಾಗಬೇಕು, ದಾರಿ ನೆನಪಿರಬೇಕು. ಇಷ್ಟೆಲ್ಲ ಆ ತಲೆಯೊಳಗೆ ನಡೆದಿತ್ತು. ಒಂದು ಪದ ಕೂಡಿಸಲಾರದ ಮನುಷ್ಯನ ಬೆರಳು ಆಜ್ಞೆ ಕೊಟ್ಟಿತ್ತು, ಆ ಆಜ್ಞೆ ಸರಿಯಾಗಿತ್ತು.

"ರೀ, ಒಳಗೇ ಇದೀರಾ?" ಎಂದೆ.

"ಆಯ್ತು," ಎಂದರು. ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತೆಂದು ಹೇಳಬೇಕೆ?

ಮೇಡಂಗೆ ಫೋನ್ ಮಾಡಿದೆ. ಕೈ ರೂಢಿ ಉಳಿಯೋದುಂಟು, ಆದ್ರೆ ಪದ ಹುಟ್ಟಿಸೋದು ಬೇರೆ ಕೆಲಸ ಎಂದರು. ನಿಜವೇ. "ಏನಾದ್ರೂ ಬರೀರಿ" ಎಂದು ಕೀಬೋರ್ಡ್ ಕೊಟ್ಟರೆ ಬೆರಳು ಗಾಳಿಯಲ್ಲಿ ನಿಂತುಬಿಡುತ್ತಿತ್ತು. ಆದರೆ ಕಣ್ಣೆದುರು ಇರುವ ಪದಗಳಲ್ಲಿ ಬೇಕಾದ್ದನ್ನು ಆರಿಸುವುದು ಅಷ್ಟು ಕಷ್ಟವಾಗಲಿಕ್ಕಿಲ್ಲ ಎಂದೂ ಆಕೆ ಹೇಳಿದರು. ನನಗೆ ತಟ್ಟನೆ ನೆನಪಾಯಿತು. ಒಂದಕ್ಷರ ಹೊಡೆದರೆ ಅದರಿಂದ ಶುರುವಾಗುವ ಪದಗಳ ಸಾಲನ್ನು ಇಳಿಬಿಡುವ ಪ್ಲಗಿನ್ ಒಂದನ್ನು ಇವರು ಹಿಂದೆ ತೋರಿಸಿದ್ದರು. ನಾನು, "ಸೋಮಾರಿಗಳಿಗೆ ಮಾಡಿದ್ದು," ಎಂದಿದ್ದೆ.

ಹಾಡ್ತಾ ಹಾಡ್ತಾ ರಾಗ ಎನ್ನುತ್ತಾರೆ. ನಾನು ನರಳುತ್ತಾ ನರಳುತ್ತಾ ಕಲಿತೆ. ಕನ್ನಡದಲ್ಲಿ ಬರೆದು, ಕೀಬೋರ್ಡನ್ನು ಇಂಗ್ಲಿಷಿಗೆ ಮರಳಿಸುವುದನ್ನು ಮರೆತು ಆಜ್ಞೆ ಕೊಡುತ್ತಿದ್ದೆ. ಅದು ಕಿವುಡಾಗಿ ಕೂರುತ್ತಿತ್ತು. ಅಜ್ಜನ ಎತ್ತಿಗೆ ಸಂಸ್ಕೃತದಲ್ಲಿ ಹೇಳಿದ ಹಾಗೆ! ಅದಕ್ಕೂ ಒಂದು ಪ್ಲಗಿನ್ ಇತ್ತು. ಎಸ್ಕೇಪ್ ಒತ್ತಿದರೆ ತಾನೇ ಇಂಗ್ಲಿಷಿಗೆ ಹೋಗುತ್ತದೆ, ಬರೆಯಲು ಹೊರಟರೆ ತಾನೇ ಕನ್ನಡಕ್ಕೆ ಬರುತ್ತದೆ. ಯಾವ ಪುಣ್ಯಾತ್ಮ ಎಲ್ಲಿ ಕೂತು ಮಾಡಿದನೋ. ಅವನ ಭಾಷೆ ಯಾವುದೋ. ಅಜ್ಜಂಪುರದಲ್ಲಿ ಒಬ್ಬ ಹೆಂಗಸಿಗೆ ಇದು ಬೇಕಾಗುತ್ತದೆಂದು ಅವನಿಗೇನು ಕನಸು ಬಿದ್ದಿತ್ತೆ? ಅವನ ಹೊಟ್ಟೆ ತಣ್ಣಗಿರಲಿ ಎಂದು ದೇವರ ಮುಂದೆ ನಿಂತು ಹೇಳಿದೆ.

ಇನ್ನೊಂದು ಪೀಡೆ ಉಳಿದಿತ್ತು. ವಿಮ್ ತೆರೆದುಕೊಳ್ಳುವ ಆ ಕಪ್ಪು ಕಿಟಕಿಯಲ್ಲಿ ಕನ್ನಡ ಒಡೆದು ಕಾಣುತ್ತಿತ್ತು. ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಮೊದಲೇ ಪದ ಗುರುತಿಸಲು ಒದ್ದಾಡುವವರಿಗೆ ಅದನ್ನು ತೋರಿಸುವುದು ಹೇಗೆ? ಹುಡುಕಿದಾಗ ತಿಳಿಯಿತು, ಅದೇ ಎಡಿಟರಿಗೆ ಬೇರೆ ಮುಖಗಳೂ ಇವೆ. ಒಳಗಿನ ಪ್ರಾಣಿ ಅದೇ, ಆಜ್ಞೆಗಳೂ ಅವೇ, ಪ್ಲಗಿನ್‌ಗಳೂ ಅವೇ. ಆದರೆ ಕಿಟಕಿ ಮಾತ್ರ ಚಿತ್ರ ಬರೆಯಬಲ್ಲ ಕಿಟಕಿ. ಅದನ್ನು ಹಾಕಿಸಿ, ಅಕ್ಷರವನ್ನು ಅಂಗೈಯಗಲ ದೊಡ್ಡದು ಮಾಡಿ, 'ಅಜ್ಜಂಪುರ' ಎಂದು ಹೊಡೆದೆ. ಜಕಾರದ ಕೆಳಗೆ ಒತ್ತು ಬಂದು ಗಟ್ಟಿಯಾಗಿ ಕೂತಿತು. ಅಬ್ಬಾ! ಜೀವನವಿಡೀ ಮಕ್ಕಳಿಗೆ ಒತ್ತಕ್ಷರ ತಿದ್ದಿಸಿದವಳು ನಾನು, ಅವತ್ತು ಮೊದಲ ಸಲ ಕಂಡವಳ ಹಾಗೆ ಅದನ್ನು ನೋಡಿದೆ. ಅವರು ಬೆರಳು ಚಾಚಿ ತೆರೆಯ ಮೇಲೆ ಆ ಒತ್ತನ್ನು ಮುಟ್ಟಿ ನಕ್ಕರು.

ಪದಗಳನ್ನು ನಾನೇ ತುಂಬಿಸಿದೆ. ನೀರು, ಮಜ್ಜಿಗೆ, ಮಾತ್ರೆ, ನೋವು, ಸೆಕೆ, ಸುಸ್ತು, ನಿದ್ದೆ, ಬೇಕು, ಬೇಡ, ನಾನು, ನೀನು, ಹೀಗೆ. ಕೆಳಗಿಳಿಯಲು ಟ್ಯಾಬ್ ಕೀ ಇಟ್ಟೆ, ಅದು ಎಡಗೈಗೆ ಹತ್ತಿರ. ಮೊದಲು 'ಮ' ಹೊಡೆದು 'ಮಾತ್ರೆ' ಆರಿಸಿದರು. ನಾನು ಡಬ್ಬಿ ತರಲು ಎದ್ದೆ. ಅಷ್ಟರಲ್ಲಿ ಕಟಕಟ ಸದ್ದು. ತಿರುಗಿ ನೋಡಿದರೆ ಮಾತ್ರೆ ಹೋಗಿ ಅಲ್ಲಿ 'ಮಜ್ಜಿಗೆ' ಕೂತಿದೆ! ಮಜ್ಜಿಗೆ ಕೊಟ್ಟೆ. ಗಟಗಟ ಕುಡಿದರು. ಇಷ್ಟು ತಿಂಗಳೂ ಬೇಡವಾದಾಗ ಕೊಟ್ಟ ಮಜ್ಜಿಗೆ, ಬೇಕಾದಾಗ ಕೊಡದ ನೀರು ಎಷ್ಟಿದ್ದವೋ ಎಂದು ಅಡುಗೆಮನೆಗೆ ಹೋಗಿ ಅತ್ತೆ.

ದಿನಗಳು ಹೀಗೆ ಒಂದೊಂದು ಪದಕ್ಕೆ ಒಂದೊಂದು ಗಳಿಗೆ ಹಿಡಿಯುತ್ತಾ ಸಾಗಿದವು. ಬೆರಗೇನೋ ನಿಜ, ಆದರೆ ಬೆರಗು ಮನುಷ್ಯನನ್ನು ಎತ್ತಿ ಸ್ನಾನಕ್ಕೆ ಕೂರಿಸುವುದಿಲ್ಲ. ಅದನ್ನು ಮಾಡುವವಳು ನಾನೇ. ನನ್ನ ಸೊಂಟ ಬಿದ್ದುಹೋಗಿತ್ತು.

ಅದನ್ನು ಕಂಡೇ ನನ್ನ ಮೈದುನ ರುದ್ರೇಶ ಬಂದದ್ದು. ಕಡೂರಲ್ಲಿ ಕೊಬ್ಬರಿ ಮಂಡಿ ಇಟ್ಟಿರುವವನು, ಅಣ್ಣನೆಂದರೆ ಪ್ರಾಣ. ಕಾರಿನಲ್ಲೇ ಬಂದ, ಹಿಂದಿನ ಸೀಟಿಗೆ ದಿಂಬು ಹಾಕಿಸಿಕೊಂಡು ಬಂದಿದ್ದ.

"ಅತ್ತಿಗೆ, ಹಿಂಗೇ ಆದ್ರೆ ನೀವೂ ಮಲಗಿಬಿಡ್ತೀರ. ಅಣ್ಣನ್ನ ಕಡೂರಿಗೆ ಕರ್ಕೊಂಡೋಗ್ತೀನಿ. ಕೆಳಗಡೆ ರೂಮ್ ಖಾಲಿ ಮಾಡ್ಸಿದೀನಿ. ನಮ್ಮ ಮಂಡೀಲಿ ಮೂಟೆ ಎತ್ತೋ ಚಂದ್ರಣ್ಣ ಇದಾನಲ್ಲ, ಹೂವಿನಂಗೆ ಎತ್ತಿ ಇಳಿಸ್ತಾನೆ. ನೀವು ಒಂದಷ್ಟ್ ದಿನ ಇಲ್ಲೇ ಆರಾಮಾಗಿ ಸೊಂಟ ನೋಡ್ಕೊಳಿ."

"ಅವ್ರನ್ನ ಕೇಳ್ಬೇಕಲ್ಲಪ್ಪಾ," ಎಂದೆ.

"ಅವ್ನಿಗೆ ಏನ್ ತಿಳೀತದೆ ಅತ್ತಿಗೆ ಈಗ? ಬತ್ತೀಯಲ್ಲಣ್ಣಾ, ಕಡೂರಿಗೆ?"

"ಆಯ್ತು."

"ನೋಡಿ, ಒಪ್ಕೊಂಡ," ಎಂದು ರುದ್ರೇಶ ಎದ್ದ.

ನಿಜ ಹೇಳುತ್ತೇನೆ, ನನಗೂ ಅದು ಬೇಕಾಗಿತ್ತು. ಒಂದು ವಾರ, ಬರೀ ಒಂದು ವಾರ ಬೆನ್ನು ನೆಲಕ್ಕೆ ಹಾಕಿ ಮಲಗಿದರೆ ಸಾಕೆನಿಸಿತ್ತು. ಅದೇ ಹೊತ್ತಿಗೆ, ಅವರನ್ನು ಹೀಗೆ ಮೂಟೆಯಂತೆ ಕಳಿಸಿಬಿಡುತ್ತಿದ್ದೇನಲ್ಲ ಎಂದೂ ಅನಿಸುತ್ತಿತ್ತು. ಆದದ್ದಾಗಲಿ ಎಂದು ಕಂಪ್ಯೂಟರನ್ನು ಅವರ ಮುಂದೆ ಎಳೆದಿಟ್ಟೆ.

ಎಡಗೈ ಮೇಲೆ ಬಂತು. 'ಬೇ' ಎಂದು ಹೊಡೆಯಿತು. ಪದಗಳು ಇಳಿದವು. ಟ್ಯಾಬ್, ಟ್ಯಾಬ್. 'ಬೇಡ'. ಅಷ್ಟಕ್ಕೇ ನಿಲ್ಲಿಸಲಿಲ್ಲ. ಎಸ್ಕೇಪ್ ಒತ್ತಿ, ಆ ಸಾಲನ್ನು ನಕಲು ತೆಗೆದು, ಒಂದು ಅಂಕಿ ಹೊಡೆದು, ಇನ್ನೊಂದು ಕೀ ಒತ್ತಿದರು. ಒಂದೇ ಏಟಿಗೆ ತೆರೆಯ ತುಂಬ, ತುದಿಯಿಂದ ಬುಡದವರೆಗೆ, ಅಂಗೈಯಗಲದ ಅಕ್ಷರದಲ್ಲಿ, ಬೇಡ ಬೇಡ ಬೇಡ ಬೇಡ!

ರುದ್ರೇಶ ಕಾರಿನ ಕೀ ಹಿಡಿದುಕೊಂಡೇ ಧಪ್ಪನೆ ಕೂತ. "ಅಣ್ಣಾ... ಇಷ್ಟ್ ದಿನಾನೂ ಎಲ್ಲಾ ಕೇಳಿಸ್ಕೊತಿದ್ದೇನೋ ನೀನು?" ಎಂದು ಅಣ್ಣನ ಮೊಣಕಾಲು ಹಿಡಿದುಕೊಂಡು ಮಗುವಿನಂತೆ ಅತ್ತುಬಿಟ್ಟ.

ಇವರು ಅವನ ತಲೆ ಸವರಲಿಲ್ಲ. ನನ್ನನ್ನು ನೋಡುತ್ತಿದ್ದರು. ನಾನು ಹಿಗ್ಗಬೇಕಾಗಿತ್ತು. ಹಿಗ್ಗಲಿಲ್ಲ. ನಾಳೆ ಬೆಳಗಿನ ಸ್ನಾನ ನೆನೆಸಿಕೊಂಡು ಬಾಗಿಲು ಹಿಡಿದು ನಿಂತಿದ್ದೆ, ಅದು ಮುಖದ ಮೇಲೆ ಕಂಡಿರಬೇಕು. ಅವರು ಮತ್ತೆ ತೆರೆಗೆ ತಿರುಗಿದರು. ಬಹಳ ಹೊತ್ತು ಹಿಡಿಯಿತು. 'ನೀನು' ಬಂತು. ಪಕ್ಕದಲ್ಲಿ 'ಸುಸ್ತು' ಬಂತು. ಆಮೇಲೆ ಹುಡುಕಿ ಹುಡುಕಿ ಒಂದು ಪ್ರಶ್ನಾರ್ಥಕ ಚಿಹ್ನೆ.

ಆ ಶ್ರಾವಣದಿಂದ ಈಚೆಗೆ ಎಲ್ಲರೂ ನನ್ನನ್ನು ಅವರ ಬಗ್ಗೆ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

"ಹೂಂ ಕಣ್ರೀ," ಎಂದೆ. "ತುಂಬಾ ಸುಸ್ತಾಗಿದೀನಿ."

ಅವರು 'ನಿದ್ದೆ' ಎಂದು ಆರಿಸಿ, ಕೋಣೆಯ ಕಡೆ ಕೈ ತೋರಿದರು. ಮೇಷ್ಟ್ರ ಅಪ್ಪಣೆ. ನಡುಹಗಲಲ್ಲಿ, ಮೈದುನನ ಎದುರು, ಒಲೆಯ ಮೇಲಿನ ಸಾರನ್ನೂ ನೋಡದೆ, ಹೋಗಿ ಬಿದ್ದುಕೊಂಡೆ. ಎದ್ದಾಗ ದೀಪ ಹಚ್ಚುವ ಹೊತ್ತು. ರುದ್ರೇಶ ಇನ್ನೂ ಅಣ್ಣನ ಪಕ್ಕದಲ್ಲೇ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ.

"ನಾಳೆ ಬೆಳಿಗ್ಗೆ ಬಸ್ಸಿಗೇ ಬತ್ತಾನೆ ಅತ್ತಿಗೆ. ಅಣ್ಣನ್ನ ಎತ್ತಿ ಇಳಿಸೋಕೆ ಇಲ್ಲೇ ಇರ್ತಾನೆ. ನಂಗೆ ಇದು ಹೊಳೀಲೇ ಇಲ್ಲ ನೋಡಿ. ಅಣ್ಣ ಹೇಳ್ದ."

ತೆರೆಯ ಮೇಲೆ ಎರಡೇ ಪದ ಇತ್ತು: 'ಚಂದ್ರಣ್ಣ ಇಲ್ಲಿಗೆ'. ನಾನು ತುಂಬಿಸಿಕೊಟ್ಟ ಪದಗಳಲ್ಲಿ ಆ ಎರಡೂ ಇರಲಿಲ್ಲ. ನಾನು ಮಲಗಿದ್ದಷ್ಟು ಹೊತ್ತೂ ಕೂತು, ಒಂದೊಂದೇ ಅಕ್ಷರ ಹುಡುಕಿ, ಅವರೇ ಬರೆದಿದ್ದರು.